ಅಗಲಿದ ಗೆಳೆಯನ ಎತ್ತು



ನಮ್ಮ ಧರ್ಮದಲ್ಲಿ ಮರಣಕ್ಕೆ ಸೂತಕವಿಲ್ಲ. ದೇಹವನ್ನು ಬಿಟ್ಟವರನ್ನು ಲಿಂಗೈಕ್ಯರಾದರು ಎನ್ನುತ್ತೇವೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುತ್ತೇವೆ. ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ಅಗಲಿದವರ ವಿಷಯದಲ್ಲಿ ನಮಗೆ ಹೊಣೆಯೂ ಇಲ್ಲವೆ? ಈ ಪ್ರಶ್ನೆಯನ್ನು ನನ್ನೆದುರು ತಂದು ನಿಲ್ಲಿಸಿದುದು ಯಾವ ಗ್ರಂಥವೂ ಅಲ್ಲ, ಒಂದು ಮುದಿ ಎತ್ತು.

ಔರಾದ ಸೀಮೆಯಲ್ಲಿ ನನಗೊಬ್ಬ ಬಾಲ್ಯದ ಗೆಳೆಯನಿದ್ದನು. ಆತನದು ಒಕ್ಕಲುತನದ ಕಾಯಕ. ಆತನ ಕೊಟ್ಟಿಗೆಯಲ್ಲಿ ದೇವಣಿ ತಳಿಯ ಒಂದು ಜೋಡಿ ಎತ್ತುಗಳಿದ್ದವು. ನೆರೆಯ ಲಾತೂರು ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ತಳಿಯು ನಮ್ಮ ಬೀದರ ಜಿಲ್ಲೆಯದೂ ಹೌದು. ಹಸುವು ಹಾಲಿಗೆ, ಎತ್ತು ನೇಗಿಲಿಗೆ ಎಂದು ಎರಡಕ್ಕೂ ಒದಗುವಂಥದು. ಮೈಯೆಲ್ಲ ಬಿಳುಪಾದುದನ್ನು ಬಾಳಂಕ್ಯಾ ಎಂದೂ, ಬಿಳಿ ಮೈಗೆ ಮುಖದಲ್ಲಿ ಕಪ್ಪು ಬಣ್ಣವುಳ್ಳುದನ್ನು ವಾನ್ನೇರಾ ಎಂದೂ, ಮೈಮೇಲೆ ಕಪ್ಪು ಮಚ್ಚೆಗಳುಳ್ಳುದನ್ನು ಶೇವೇರಾ ಎಂದೂ ಕರೆಯುತ್ತಾರೆ. ಗೆಳೆಯನ ಎತ್ತುಗಳು ಬಾಳಂಕ್ಯಾ. ಜೋಡಿಯಲ್ಲಿ ಒಂದು ಮೊದಲೇ ತೀರಿಹೋಗಿತ್ತು. ಉಳಿದುದು ನೇಗಿಲಿಗೆ ಬಾರದಷ್ಟು ಮುಪ್ಪಾಗಿದ್ದರೂ ಆತನು ದಿನವೂ ಅದರ ಮೈತೊಳೆದು, ತಾನುಣ್ಣುವ ಮೊದಲು ಅದಕ್ಕೊಂದು ಜೋಳದ ರೊಟ್ಟಿಯನ್ನು ಕೊಡುತ್ತಿದ್ದನು.

ಆತನು ಲಿಂಗೈಕ್ಯನಾದ ಬಳಿಕ ಮಕ್ಕಳು ಹೈದರಾಬಾದಿಗೆ ಮರಳಿ ಹೊರಟರು. ಅಲ್ಲಿಯ ಬಾಡಿಗೆ ಮನೆಯಲ್ಲಿ ಎತ್ತಿಗೆ ಎಡೆಯೆಲ್ಲಿ? ಏನು ಮಾಡುವುದೆಂದು ನನ್ನನ್ನೇ ಕೇಳಿದರು. ‘ಅಮರೇಶ್ವರ ಜಾತ್ರೆಯ ದನದ ಸಂತೆಗೆ ಹೊಡೆದುಬಿಡಿ’ ಎಂದೆನು. ಮರೆಮಾಚದೆ ಹೇಳುತ್ತೇನೆ, ಹಾಗೆಂದವನು ನಾನೇ. ಅಂದು ಬೆಳಿಗ್ಗೆಯಷ್ಟೇ ಗೆಳೆಯನ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ವಚನ ಹಾಡಿ, ಕಣ್ಣೀರಿಟ್ಟು ಬಂದವನೂ ನಾನೇ.

ಮನೆಗೆ ಬಂದು ಈ ಮಾತನ್ನು ತಿಳಿಸಿದಾಗ ನಮ್ಮ ಮನೆಯವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ‘ಭಾವಚಿತ್ರಕ್ಕೆ ಹಸಿವಿಲ್ಲ, ಎತ್ತಿಗೆ ಹಸಿವಿದೆ. ನೀವು ಹಸಿವಿಲ್ಲದುದಕ್ಕೆ ಎಡೆಯಿಟ್ಟು ಬಂದಿರಿ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಎತ್ತು ನಮ್ಮ ಅಂಗಳಕ್ಕೆ ಬಂದಿತು.

ಧರ್ಮದ ಬುಡದಲ್ಲಿ ದಯೆಯಿರಬೇಕೆಂದ ಅಣ್ಣ ಬಸವಣ್ಣನವರು ಆ ದಯೆಗೆ ಮನುಷ್ಯರಷ್ಟೇ ಪಾತ್ರರೆಂದು ಗೆರೆ ಎಳೆಯಲಿಲ್ಲ. ಎಲ್ಲ ಜೀವಿಗಳನ್ನೂ ಒಳಗೊಂಡರು. ಒಂದು ಅಗುಳನ್ನು ಕಂಡು ತನ್ನ ಬಳಗವನ್ನು ಕರೆಯುವ ಕಾಗೆಯನ್ನೂ, ಒಂದು ಗುಟುಕಿಗೆ ತನ್ನ ಕುಲವನ್ನು ಕೂಗುವ ಕೋಳಿಯನ್ನೂ ಭಕ್ತರಿಗೆ ಮಾದರಿಯಾಗಿ ತೋರಿಸಿದರು. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆಯೂ ನಮ್ಮ ಪರಂಪರೆಯಲ್ಲಿದೆ. ಜನ್ಮದಿಂದ ಕೀಳಾದ ಜೀವವಿಲ್ಲವೆಂಬುದೇ ಅದರ ತಿರುಳು. ಮಾತು ಬಾರದ ಜೀವವನ್ನು ಗುರುವಿನ ಸ್ಥಾನದಲ್ಲಿ ಕಂಡ ಶರಣರ ಮಕ್ಕಳು ನಾವು. ನಮ್ಮ ದಾಸೋಹವು ಮಠದ ಪಂಕ್ತಿಯಲ್ಲಿ ಮುಗಿದು, ಮನೆಯ ಕೊಟ್ಟಿಗೆಯವರೆಗೆ ಬಾರದಿದ್ದರೆ ಅದು ಅರೆ ದಾಸೋಹ.

ಸ್ಮರಣೆಯ ವಿಷಯದಲ್ಲಿ ನಮ್ಮ ನೆಲದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಕಮಲನಗರದಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿ, ಒಳಗೆ ಕನ್ನಡ ಕಲಿಸಿದವರು. ಅವರು 1999ರಲ್ಲಿ ಲಿಂಗೈಕ್ಯರಾದರು. ಪೂಜ್ಯರ ಸ್ಮರಣೆ ಇಂದಿಗೂ ಉಳಿದಿರುವುದು ಗದ್ದುಗೆಯಲ್ಲಿ ಮಾತ್ರವಲ್ಲ. ಅವರು ಹಚ್ಚಿದ ಅಕ್ಷರದೀಪದಲ್ಲಿ, ಹೆತ್ತವರು ತೊರೆದ ಹಸುಗೂಸುಗಳನ್ನು ಆ ಮಠವು ತನ್ನವೆಂದು ಸಾಕುತ್ತಿರುವ ಮಮತೆಯಲ್ಲಿ. ಅಗಲಿದವರು ನಡೆಸುತ್ತಿದ್ದ ಪಾಲನೆಯನ್ನು ಮುಂದುವರಿಸುವುದೇ ಸ್ಮರಣೆ. ದೊಡ್ಡವರಿಗೆ ಸಲ್ಲುವ ಈ ಮಾತು ಒಬ್ಬ ಸಾಮಾನ್ಯ ಒಕ್ಕಲಿಗನಿಗೂ ಸಲ್ಲಬೇಕು.

ಆದರೂ ಒಂದು ಮಾತು. ಟ್ರ್ಯಾಕ್ಟರ್ ಬಂದ ಮೇಲೆ ದುಡಿಯದ ಎತ್ತನ್ನು ಸಾಕುವುದು ಸುಲಭವಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಕಣಿಕೆಯ ಬೆಲೆ ಏನಾಗುವುದೆಂದು ಒಕ್ಕಲಿಗರಿಗೆ ಗೊತ್ತು. ಸಾಲಕ್ಕಾಗಿ ಎತ್ತು ಮಾರಿದ ರೈತನನ್ನು ನಿಂದಿಸುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ. ನನ್ನ ಬಿನ್ನಹವಿಷ್ಟೆ: ಶಕ್ತಿಯುಳ್ಳವರು ಒಂದನ್ನು ಉಳಿಸಿಕೊಳ್ಳಲಿ; ಶಕ್ತಿ ಸಾಲದವರಿಗೆ ಓಣಿಯವರು ತಲೆಗೊಂದು ಹೊರೆ ಮೇವು ಕೊಡಲಿ. ಪುಣ್ಯಸ್ಮರಣೆಯ ಮಂಟಪಕ್ಕೂ ಫಲಕಕ್ಕೂ ಮಾಡುವ ವೆಚ್ಚದಲ್ಲಿ ಸ್ವಲ್ಪವನ್ನು ಅಗಲಿದವರು ಸಾಕುತ್ತಿದ್ದ ಜೀವಕ್ಕೆ ತೆಗೆದಿಡಲಿ. ಎತ್ತಿಲ್ಲದ ಮನೆಯಲ್ಲಿ ನಾಯಿಯಿರಬಹುದು, ಬೆಕ್ಕಿರಬಹುದು, ಕಾಳಿಗೆ ಕಾದು ಕುಳಿತ ಹಕ್ಕಿಗಳಿರಬಹುದು. ಆ ಮನೆಯ ಬಾಗಿಲಿಗೆ ಬೀಗ ಬಿದ್ದಾಗ ಅವುಗಳ ಗತಿಯೇನೆಂದು ನಾವು ಕೇಳಿದ್ದೇವೆಯೆ?

ಇನ್ನೊಂದು ಕಾರಣವೂ ಉಂಟು. ಮನೆಯ ಮಕ್ಕಳು ನೋಡುತ್ತಿರುತ್ತಾರೆ. ದುಡಿಯಲಾರದ ಎತ್ತನ್ನು ಹಿರಿಯರು ಏನು ಮಾಡಿದರೆಂಬುದನ್ನು ಕಂಡೇ, ದುಡಿಯಲಾರದ ಹಿರಿಯರನ್ನು ಏನು ಮಾಡಬೇಕೆಂಬುದನ್ನು ಅವರು ಕಲಿಯುತ್ತಾರೆ.

ಕಾರಹುಣ್ಣಿಮೆಯಂದು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಮೊಮ್ಮಗನೊಡನೆ ಮೆರವಣಿಗೆಗೆ ಕರೆದೊಯ್ದೆನು. ಗೆಳೆಯನ ಮನೆಯೆದುರು ಬಂದೊಡನೆ ಅದು ನಿಂತುಬಿಟ್ಟಿತು. ಬಾಗಿಲಿಗೆ ಬೀಗವಿತ್ತು. ‘ಮುತ್ಯಾ, ಇದ್ಯಾಕ ಮುಂದ ಹೋಗವಲ್ದು?’ ಎಂದು ಹುಡುಗನು ಕೇಳಿದನು. ನಾನು ಗೆಳೆಯನ ಕಥೆಯನ್ನು ಹೇಳತೊಡಗಿದೆನು. ಕಥೆ ಮುಗಿಯುವವರೆಗೆ ಎತ್ತೂ ಕದಲಲಿಲ್ಲ, ನಾವೂ ಕದಲಲಿಲ್ಲ. ಆತನ ಭಾವಚಿತ್ರದ ಮುಂದೆ ಎಂದೂ ಅಷ್ಟು ಹೊತ್ತು ನಾನು ನಿಂತಿರಲಿಲ್ಲ.