ನೆರೆಯಿಳಿದ ಬಳಿಕ

ನೆರೆಯೇರುವಾಗ ಲೋಕವೆಲ್ಲ ಅತ್ತ ನೋಡುವುದು. ಇಳಿದ ಮೇಲೆ ನೋಡುವವರು ವಿರಳ. ಆದರೆ ಆಪತ್ತಿನ ಉತ್ತರಾರ್ಧವು ಮೊದಲಾಗುವುದು ಆಗಲೇ ಎಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕೆಂದು ಈ ತಿಂಗಳ ನನ್ನ ಬಿನ್ನಹ.

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ನಮ್ಮ ಕೊಡಗಿನ ಗುಡ್ಡಗಳು ಕುಸಿದ ದಿನಗಳಲ್ಲಿಯೇ, ಕೇರಳವು ಮುಳುಗಿತಷ್ಟೆ. ಪೆರಿಯಾರ್, ಪಂಪಾ ನದಿಗಳು ದಡಮೀರಿ ಆಲುವ, ಚೆಂಗನ್ನೂರುಗಳ ಮನೆಗಳನ್ನು ಹೊಕ್ಕುವು. 400ಕ್ಕೂ ಮಿಕ್ಕ ಜನರು ಅಸುನೀಗಿದರು. 10 ಲಕ್ಷಕ್ಕೂ ಹೆಚ್ಚು ಮಂದಿ ಪರಿಹಾರ ಶಿಬಿರಗಳನ್ನು ಸೇರಿದರು. ಕಡಲತೀರದ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಬಂದು ಸಹಸ್ರಾರು ಜನರನ್ನು ಉಳಿಸಿದ ವೃತ್ತಾಂತವನ್ನು ಎಲ್ಲರೂ ಬಲ್ಲರು.

ತರುವಾಯ ನಡೆದುದನ್ನು ಬಲ್ಲವರು ಕಡಿಮೆ. ನೀರಿಳಿದ ಮನೆಗಳಲ್ಲಿ ಕೆಸರು ನಿಂತಿತ್ತು. ಅದನ್ನು ತೆಗೆಯಲು ಮನೆಯವರೂ ಪರಸ್ಥಳದ ಸ್ವಯಂಸೇವಕರೂ ಇಳಿದರು. ಇಲಿ, ಹೆಗ್ಗಣ, ದನಕರುಗಳ ಮೂತ್ರದ ಮೂಲಕ ಇಲಿಜ್ವರದ ಸೂಕ್ಷ್ಮಾಣುಗಳು ಇಂತಹ ನೀರಿನಲ್ಲಿ ಬೆರೆಯುತ್ತವೆ. ಕಾಲಿನ ಒಂದು ಗೀರುಗಾಯವೇ ಅವುಗಳಿಗೆ ಹೆಬ್ಬಾಗಿಲು. ಆಗಸ್ಟ್ ಕಡೆಯ ವೇಳೆಗೆ ಆ ಜ್ವರವು ಹಬ್ಬಿತು. ನೆರೆಯಲ್ಲಿ ಬದುಕುಳಿದವರ ಪೈಕಿ ಕೆಲವರು ಅದಕ್ಕೆ ತುತ್ತಾದರು. ಸರಕಾರವು ಎಚ್ಚರಿಕೆ ಸಾರಿತು. ನೆರೆನೀರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಕೊಡಿಸಿತು. ಬಾವಿಗಳನ್ನು ಕ್ಲೋರಿನ್ನಿನಿಂದ ಶುದ್ಧಿಮಾಡಿಸಿತು.

ನನ್ನ ಹಳೆಯ ಶಿಷ್ಯನೊಬ್ಬನು ಅಲ್ಲಿಗೆ ಹೋಗಿ ಹತ್ತು ದಿನ ಕೆಸರು ಹೊತ್ತನು. ಕೊಟ್ಟ ಗುಳಿಗೆಗಳನ್ನು, “ಕಾಯಿಲೆಯಿಲ್ಲದವನಿಗೆ ಮದ್ದೇಕೆ?” ಎಂದು ಜೇಬಿನಲ್ಲಿಯೇ ಇಟ್ಟುಕೊಂಡನು. ಊರಿಗೆ ಬಂದ ನಾಲ್ಕನೆಯ ದಿನ ಜ್ವರ, ತಲೆಶೂಲೆ, ಮೀನಖಂಡಗಳಲ್ಲಿ ಸಹಿಸಲಾರದ ನೋವು, ಕಣ್ಣು ಕೆಂಪಾಯಿತು. ದುಡಿದ ಆಯಾಸವೆಂದು ಅವನು ಮಲಗಿಬಿಟ್ಟನು. ಅವನ ತಾಯಿಯು ಸುಮ್ಮನಿರಲಿಲ್ಲ. ವೈದ್ಯರ ಬಳಿಗೆ ಕರೆದೊಯ್ದು, ಅವರು ಕೇಳುವ ಮೊದಲೇ, “ಇವನು ನೆರೆನೀರಿನಲ್ಲಿ ನಿಂತು ಬಂದವನು, ಸ್ವಾಮಿ” ಎಂದಳು. ಆ ಒಂದು ಮಾತಿನಿಂದ ವೈದ್ಯರಿಗೆ ರೋಗದ ದಾರಿ ಹೊಳೆಯಿತು. ತಡವಾಗಿದ್ದರೆ ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿ ತಟ್ಟಬಹುದಾಗಿತ್ತು. ಗುಣವಾದ ಮೇಲೆ ಅವನು ನನ್ನ ಬಳಿಗೆ ಬಂದು, “ಮೇಷ್ಟ್ರೇ, ಸೇವೆಗೆ ಹೋದವನು ಮನೆಗೆ ಭಾರವಾದೆ” ಎಂದು ತಲೆತಗ್ಗಿಸಿದನು. “ಅಪ್ಪಾ, ನಿನ್ನ ದಯೆಯಲ್ಲಿ ದೋಷವಿಲ್ಲ, ಜಾಗರೂಕತೆಯೊಂದು ಅದರ ಜೊತೆಗಿರಬೇಕಾಗಿತ್ತು” ಎಂದೆನು.

ಪರೋಪಕಾರಿಯು ತನ್ನ ದೇಹವನ್ನು ಕಾಯ್ದುಕೊಳ್ಳುವುದು ಸ್ವಾರ್ಥವಲ್ಲ. ಅವನು ಹಾಸಿಗೆ ಹಿಡಿದರೆ ಆರ್ತನಿಗೆ ಒಬ್ಬ ನೆರವಿಗನು ಕಡಿಮೆಯಾದಂತೆ, ವೈದ್ಯನಿಗೆ ಒಬ್ಬ ರೋಗಿಯು ಹೆಚ್ಚಿದಂತೆ.

ಆದುದರಿಂದ ಮುಂದಿನ ಮಳೆಗಾಲಕ್ಕೆ ಇಷ್ಟನ್ನು ನೆನಪಿನಲ್ಲಿಡತಕ್ಕದ್ದು. ಕೆಸರಿಗಿಳಿಯುವವರು ಗಾಯವನ್ನು ಮುಚ್ಚಿ, ಉದ್ದನೆಯ ರಬ್ಬರು ಬೂಟುಗಳನ್ನು ತೊಡಲಿ. ಗುಳಿಗೆಯನ್ನು ವೈದ್ಯರ ಮಾತಿನಂತೆ ಸೇವಿಸಲಿ. ಗರ್ಭಿಣಿಯರೂ ಮಕ್ಕಳೂ ಅವರನ್ನು ಕೇಳದೆ ಮುಟ್ಟಕೂಡದು. ಕುಡಿಯುವ ನೀರನ್ನು ಕುದಿಸಿರಿ. ಜ್ವರ ಬಂದರೆ ಮಲಗಿ ನೋಡೋಣವೆನ್ನದೆ, ನೀರಿನಲ್ಲಿ ನಿಂತ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಿರಿ. ಆ ತಾಯಿಯು ಮಾಡಿದುದು ಇಷ್ಟೇ, ಮಗನು ಉಳಿದನು.