“ಏನೂ ಮಾಡಾಕಿಲ್ಲ ಬನ್ನಿ” ಅನ್ನೋರಿಗೆ ಒಂದು ಮಾತು

ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಫ್ರೆಂಡ್ ಮನೆಗೆ ಹೋದ್ರೂ ಈಗ ಒಂದು ದೊಡ್ಡ ನಾಯಿ ಇದ್ದೇ ಇರುತ್ತೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಕೆಲವರ ಹತ್ರ ರಾಟ್‌ವೀಲರ್. ಗೇಟ್ ತೆಗೆದ್ರೆ ಸಾಕು, ಎರಡೂ ಮುಂಗಾಲು ನಮ್ಮ ಎದೆ ಮೇಲೆ. ಒಳಗಿಂದ ಒಂದು ದನಿ: “ಏನೂ ಮಾಡಾಕಿಲ್ಲ ಬನ್ನಿ, ಪ್ರೀತಿಗೆ ಹಂಗೆ ಎಗರುತ್ತೆ!”

ನನ್ನ ತಕರಾರು ನಾಯಿ ಮೇಲಲ್ಲ. ಆ ದನಿ ಮೇಲೆ.

ಪ್ರೀತಿ ನಿಜಾನೇ. ಆದ್ರೆ ಬೆಳೆದ ಗಂಡು ಲ್ಯಾಬ್ ಸುಮಾರು 30-35 ಕೆಜಿ ತೂಗುತ್ತೆ. ನಮಗೆ ಇಪ್ಪತ್ತು ವರ್ಷ, ತಡ್ಕೋತೀವಿ, ರೀಲ್ಸೂ ಮಾಡ್ತೀವಿ. ನಿಮ್ಮ ಗೇಟಿಗೆ ನಾವೊಬ್ಬರೇ ಬರ್ತೀವಾ? ಲಗ್ನಪತ್ರಿಕೆ ಕೊಡೋಕೆ ಊರಿಂದ ಬಂದ ಅಜ್ಜಿ, ಸಿಲಿಂಡರ್ ಹೊತ್ತು ತಂದ ಅಣ್ಣ, ಕರೆಂಟ್ ಮೀಟರ್ ನೋಡೋರು, ಪಕ್ಕದ ಮನೆ ನಾಲ್ಕು ವರ್ಷದ ಮಗು. ಅಜ್ಜಿ ಹಿಂದಕ್ಕೆ ಬಿದ್ದು ಸೊಂಟದ ಮೂಳೆ ಮುರಿದ್ರೆ ಆಪರೇಷನ್ನು, ತಿಂಗಳುಗಟ್ಟಲೆ ಹಾಸಿಗೆ. ಉಗುರು ಗೀರಿ ರಕ್ತ ಬರದೇ ಇದ್ರೂ, ಸೋಪು ಹಾಕಿ 15 ನಿಮಿಷ ತೊಳೆದು ಡಾಕ್ಟರ್ ಹತ್ರ ಓಡಲೇಬೇಕು, ರೇಬೀಸ್ ವಿಷಯದಲ್ಲಿ ಆಟ ಇಲ್ಲ. “ಏನೂ ಮಾಡಲ್ಲ” ಅನ್ನೋದನ್ನ ಹೇಳಬೇಕಾದವರು ಬಿದ್ದವರು, ಸಾಕಿದವರಲ್ಲ.

2024ರ ಮಾರ್ಚಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿ ಸಾಕಬಾರದು ಅಂತ ಸುತ್ತೋಲೆ ಹೊರಡಿಸ್ತು. ಏಪ್ರಿಲ್ 10ಕ್ಕೆ ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಎಲ್ಲರೂ ಸ್ಟೇಟಸ್ ಹಾಕಿ ಖುಷಿಪಟ್ರು, ನಾನೂ ಪಟ್ಟೆ. ಆದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಹಂಗೇ ಇದೆ ಗುರು: ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ದೆ ಅಸಡ್ಡೆ ಮಾಡಿದ್ರೆ 6 ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಸರಿ, ಬಿಡಿಸೋದು ಹೆಂಗೆ? ನಾಯಿ ಎಗರೋದು ನಿಮ್ಮ ಮುಖದ ಹತ್ರ ಬರೋಕೆ, ನಿಮ್ಮ ಗಮನ ಸಿಗಲಿ ಅಂತ. ನೀವು “ಏಯ್, ಇಳಿ!” ಅಂತ ಕೂಗಿ ಕೈಯಲ್ಲಿ ತಳ್ತೀರ. ಬಿಕಾಂ ಭಾಷೇಲಿ ಹೇಳೋದಾದ್ರೆ ಬೈಗುಳ, ಮುದ್ದು ಎರಡೂ ನಾಯಿಯ ಲೆಕ್ಕದಲ್ಲಿ ಆದಾಯದ ಕಡೆಗೇ ಬರೆದುಕೊಳ್ಳುತ್ತೆ. ಹಾಗಾಗಿ ಆದಾಯ ನಿಲ್ಲಿಸಿ. ಎಗರಿದ ತಕ್ಷಣ ಮಾತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡೋದಿಲ್ಲ, ಬೆನ್ನು ತಿರುಗಿಸಿ ಮರದ ಥರ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೆ ಬಂದ ಆ ಕ್ಷಣಕ್ಕೇ ಮೆಲ್ಲಗೆ ಮಾತಾಡ್ಸಿ, ಒಂದು ತುಂಡು ಬೇಯಿಸಿದ ಕೋಳಿ ಕೊಡಿ. ಆಮೇಲೆ “ಸಿಟ್” ಕಲಿಸಿ. ಕೂತ ನಾಯಿ ಎಗರೋಕಾಗಲ್ಲ ಅಲ್ವಾ? ಹೊರಗಿನವರು ಬಂದಾಗ ಕಲಿಯೋವರೆಗೂ ಲೀಶ್ ನಿಮ್ಮ ಕೈಯಲ್ಲಿರಲಿ.

ಶುರುವಿನಲ್ಲಿ ಇನ್ನೂ ಜಾಸ್ತಿ ಎಗರುತ್ತೆ, ಯಾಕಂದ್ರೆ ನಿನ್ನೆವರೆಗೂ ಸಿಗ್ತಿದ್ದದ್ದು ಇವತ್ತು ಸಿಗ್ತಿಲ್ಲ. ಅಲ್ಲೇ ಜನ ಸೋಲೋದು. ಅದಕ್ಕಿಂತ ದೊಡ್ಡ ತಲೆನೋವು ಮನೆಯವರು. ನೀವು ಬೆನ್ನು ತಿರುಗಿಸ್ತೀರ, ಸಂಜೆ ಅಪ್ಪ ಬಂದು “ಬಾರೋ ಮಗನೇ” ಅಂತ ಎದೆ ತಟ್ಟಿ ಕರೀತಾರೆ. ಹತ್ತರಲ್ಲಿ ಒಂದು ಸಲ ಸಿಕ್ಕಿದ್ರೂ ಸಾಕು, ಲಾಟರಿ ಥರ, ನಾಯಿ ಪ್ರಯತ್ನ ಬಿಡಲ್ಲ. ಅಪ್ಪನಿಗೆ ಮೊದಲು ಟ್ರೈನಿಂಗ್ ಕೊಡಿ. (ಕಷ್ಟ, ಗೊತ್ತು.)

ಮೊಣಕಾಲಲ್ಲಿ ಎದೆಗೆ ಗುದ್ದು, ಹಿಂಗಾಲು ತುಳಿ ಅನ್ನೋ ಸಲಹೆಗಳೂ ಓಡಾಡ್ತವೆ. ಬೇಡ. ಮನುಷ್ಯರು ಹತ್ರ ಬಂದ್ರೆ ನೋವು ಅಂತ ಕಲಿತ ದೊಡ್ಡ ನಾಯಿ ಎಗರೋ ನಾಯಿಗಿಂತ ಅಪಾಯ. ನಮ್ಮ ಕಡೆಯ ಇನ್ನೊಂದು ಪರಿಹಾರ ಇಡೀ ದಿನ ಚೈನು. ಬೆಳಗಿಂದ ಸಂಜೆವರೆಗೆ ಎರಡು ಮಾರು ಚೈನಲ್ಲಿ ಬಿದ್ದಿರೋ ಪ್ರಾಣಿ ಬಿಚ್ಚಿದಾಗ ಎಗರದೆ ಇನ್ನೇನು ಮಾಡುತ್ತೆ, ಹೇಳಿ? ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾಲೆ ಏರಿ ಮೇಲೆ ನಡೆಸಿ.

ಮರಿ ಇರೋರು ಇವತ್ತೇ ಶುರು ಮಾಡಿ. 3 ಕೆಜಿ ಇದ್ದಾಗ ಮುದ್ದು ಅಂತ ಬಿಟ್ಟದ್ದನ್ನ 30 ಕೆಜಿ ಆದ್ಮೇಲೆ ತಪ್ಪು ಅಂದ್ರೆ ಅದಕ್ಕೆ ಹೆಂಗೆ ಅರ್ಥ ಆಗಬೇಕು?

ಅಭ್ಯಾಸಕ್ಕೆ ಗೇಟಿಂದ ಒಳಗೆ ಬರೋ “ನೆಂಟರು” ಬೇಕು ಅಂದ್ರೆ ಮೆಸೇಜ್ ಮಾಡಿ. ಭಾನುವಾರ ಫ್ರೀ ಇರ್ತೀನಿ, ಹಳೇ ಪ್ಯಾಂಟ್ ಹಾಕ್ಕೊಂಡು ಬರ್ತೀನಿ, ಹತ್ತು ಸಲ ಗೇಟ್ ತೆಗೆದು ಹಾಕ್ತೀನಿ. ಫೀಸು ಎರಡು ಮದ್ದೂರು ವಡೆ.