ಕೋಣ ಮೆಗಾಪಿಕ್ಸೆಲ್ ನೋಡಿ ಓಡುವುದಿಲ್ಲ

ಕಂಬಳದ ಸೀಸನ್ ಹತ್ತಿರ ಬಂತೆಂದರೆ ನಮ್ಮ ಕಡೆಯ ಹುಡುಗರಿಗೆ ಕ್ಯಾಮೆರಾ ಜ್ವರ ಹಿಡಿಯುತ್ತದೆ. ಅಜೆಕಾರು, ಬಜಗೋಳಿ, ಹೆಬ್ರಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಅಣ್ಣಾ, 24 ಮೆಗಾಪಿಕ್ಸೆಲ್ ಸಾಕಾ? 33ರದ್ದೇ ಬೇಕಾ?" ಅಂಗಡಿಯವರು 33 ಅನ್ನುತ್ತಾರೆ. ಯೂಟ್ಯೂಬಿನವರು ಫುಲ್‌ಫ್ರೇಮ್ ಇಲ್ಲದಿದ್ದರೆ ಕ್ಯಾಮೆರಾವೇ ಅಲ್ಲ ಅನ್ನುತ್ತಾರೆ. ಹುಡುಗ ಕಂತಿನ ಕಾಗದಕ್ಕೆ ಸಹಿ ಹಾಕುತ್ತಾನೆ.

ಮಾರಾಯ್ರೆ, ಕಂಬಳಕ್ಕೆ ಈ ಎರಡೂ ಮಾತು ಸುಳ್ಳು ಎಂದು ನಾವು ಹೇಳುತ್ತೇವೆ. ಕಂಬಳದ ಗದ್ದೆಯ ಬದಿಯಲ್ಲಿ ನಿಂತು ಪತ್ರಿಕೆಗಳಿಗೆ ಫೋಟೊ ಕಳಿಸುವ ನಮಗೆ ಒಂದು ಫೋಟೊಗೆ ಸಿಗುವ ದುಡ್ಡಿನಲ್ಲಿ ಬೈಕಿನ ಪೆಟ್ರೋಲ್ ಹುಟ್ಟಿದರೆ ಅದೇ ದೊಡ್ಡದು. ಅಂಥ ದುಡಿಮೆಗೆ 2 ಲಕ್ಷದ ಬಾಡಿ ಅಂದರೆ ಮೂಗಿಗಿಂತ ಮೂಗುತಿ ಭಾರ.

ಮೊದಲು ಕೋಣದ ವೇಗ ಲೆಕ್ಕ ಹಾಕೋಣ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಎತ್ತಿತು. ಅದೇ ತಿಂಗಳು ವೇಣೂರಿನಲ್ಲಿ ನಮ್ಮ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರಿಗೆ 13.61 ಸೆಕೆಂಡ್ ತೆಗೆದುಕೊಂಡರು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್.

ಈಗ ಹೊಸಬರಿಗೆ ಅಂಗಡಿಯಲ್ಲಿ ಮೊದಲು ತೋರಿಸುವ ಕ್ಯಾನನ್ 1500ಡಿ ನೋಡಿ. 24 ಮೆಗಾಪಿಕ್ಸೆಲ್, 9 ಫೋಕಸ್ ಬಿಂದು, ಸೆಕೆಂಡಿಗೆ 3 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಕೋಣ ಮೂರೂವರೆ ಮೀಟರ್ ಮುಂದೆ ಹೋಗಿರುತ್ತದೆ. ಕೋಣದ ಕಾಲು ನೀರಿನಿಂದ ಎದ್ದ ಗಳಿಗೆ, ಓಡಿಸುವವನ ಮೈ ಪೂರ್ತಿ ಚಾಚಿದ ಗಳಿಗೆ, ಎಲ್ಲ ಆ ಮೂರೂವರೆ ಮೀಟರಿನೊಳಗೇ ಮುಗಿದಿರುತ್ತದೆ. ಅದೇ ಕಂಪನಿ 2014ರಲ್ಲಿ ತಂದ 7ಡಿ ಮಾರ್ಕ್ 2 ಬರೀ 20 ಮೆಗಾಪಿಕ್ಸೆಲ್. ಆದರೆ ಫೋಕಸ್ ಬಿಂದು 65, ಸೆಕೆಂಡಿಗೆ 10 ಚಿತ್ರ. 2016ರ ನಿಕಾನ್ ಡಿ500 ಕೂಡ 20ರ ಆಸುಪಾಸು. ಅದರಲ್ಲಿ 153 ಬಿಂದು, ಸೆಕೆಂಡಿಗೆ 10 ಚಿತ್ರ, ಒಳ್ಳೆಯ ಕಾರ್ಡ್ ಹಾಕಿದರೆ ಒಂದೇ ಉಸಿರಿಗೆ 200 ರಾ ಚಿತ್ರ. ಮೆಗಾಪಿಕ್ಸೆಲ್ ನೋಡಿ ಕೊಳ್ಳುವವನು ಈ ಮೂರರಲ್ಲಿ ಕಂಬಳಕ್ಕೆ ಅತಿ ಕಡಿಮೆ ಒದಗುವುದನ್ನೇ ಆರಿಸುತ್ತಾನೆ.

ಪತ್ರಿಕೆಯಲ್ಲಿ 15 ಸೆಂಟಿಮೀಟರ್ ಅಗಲಕ್ಕೆ ಅಚ್ಚಾಗುವ ಚಿತ್ರಕ್ಕೆ, ಇಂಚಿಗೆ 300 ಚುಕ್ಕೆಯ ಲೆಕ್ಕ ಹಿಡಿದರೂ, 1800 ಪಿಕ್ಸೆಲ್ ಅಗಲ ಸಾಕು. ಡಿ500 ಕೊಡುವುದು 5568. ಅಂಚು ಕತ್ತರಿಸಿದರೂ ಮಿಗುತ್ತದೆ. ವಾಟ್ಸ್‌ಆ್ಯಪ್ಪಿನಲ್ಲಿ ಸಾದಾ ಫೋಟೊ ಆಗಿ ಕಳಿಸಿದರೆ ಅದು ಹೇಗೂ ಕುಗ್ಗಿಸಿಯೇ ಕಳಿಸುತ್ತದೆ. ಹಾಗಾದರೆ 33 ಯಾರಿಗೆ?

"ಅದೆಲ್ಲ ಹಳೇದು, ಈಗ ಮಿರರ್‌ಲೆಸ್ ಕಾಲ, ಸೆಕೆಂಡಿಗೆ 30 ಚಿತ್ರ" ಅನ್ನುವವರು ಇದ್ದಾರೆ. ಸರಿ, ಆ 30ರ ಗುಟ್ಟು ಕೇಳಿ. ಕಡಿಮೆ ಬೆಲೆಯ ಬಾಡಿಗಳಲ್ಲಿ ಅಷ್ಟು ವೇಗ ಸಿಗುವುದು ಎಲೆಕ್ಟ್ರಾನಿಕ್ ಶಟರಿನಲ್ಲಿ. ಅಲ್ಲಿ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿ ಓದಿ ಮುಗಿಸಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಹಿಡಿದರೆ, ಅಷ್ಟರಲ್ಲಿ ಕೋಣ 35 ಸೆಂಟಿಮೀಟರ್ ಸರಿದಿರುತ್ತದೆ. ಕರೆಯ ಬದಿಯಿಂದ ತೆಗೆದ ಚಿತ್ರದಲ್ಲಿ ಕಾಲು ಓರೆ, ಬೆತ್ತ ಬಿಲ್ಲಿನ ಹಾಗೆ ಬಾಗಿದ್ದು. ಕಾಣಲು ತಮಾಷೆ, ಅಚ್ಚಿಗೆ ಆಗದು. ಈ ದೋಷ ಇಲ್ಲದಂತೆ ಓದುವ ಸೆನ್ಸರ್ ನಿಕಾನ್ ಝಡ್9, ಸೋನಿ ಎ9 ಮಾರ್ಕ್ 3ರಂಥವುಗಳಲ್ಲಿದೆ. ಅವುಗಳ ಬೆಲೆ ಕೇಳಲು ನಮಗೆ ಧೈರ್ಯವಿಲ್ಲ.

ಹಾಗೆಂದು ಮಿರರ್‌ಲೆಸ್ ಬೇಡವೆಂದಲ್ಲ. ಕ್ಯಾನನ್ ಆರ್10ರಲ್ಲಿ ಯಾಂತ್ರಿಕ ಶಟರಿನಲ್ಲೇ ಸೆಕೆಂಡಿಗೆ 15, ನಿಕಾನ್ ಝಡ್50 ಮಾರ್ಕ್ 2ರಲ್ಲಿ 11 ಸಿಗುತ್ತದೆ. ಹೊಸದೇ ಬೇಕೆನ್ನುವವರು ಅವನ್ನು ನೋಡಲಿ. ಆದರೆ "ಪ್ರಾಣಿಯ ಕಣ್ಣು ತಾನೇ ಹಿಡಿಯುತ್ತದೆ" ಎಂಬ ಮಾತಿಗೆ ಮರುಳಾಗಬೇಡಿ. ಕೆಸರು ಬಳಿದ ಎರಡು ಕೋಣ, ಹಿಂದೆ ಒಬ್ಬ ಮನುಷ್ಯ, ಅವರ ಹಿಂದೆ ಸಾವಿರ ಮುಖ. ಕ್ಯಾಮೆರಾ ಬುದ್ಧಿವಂತವಾದಷ್ಟೂ ಜನರ ಮುಖಕ್ಕೆ ಹಾರುತ್ತದೆ. ನಾವಂತೂ ಚಿಕ್ಕ ವಲಯ ಇಟ್ಟು, ಕೋಣದ ತಲೆಯ ಮೇಲೆ ನಾವೇ ಹಿಡಿದುಕೊಂಡು ಹೋಗುತ್ತೇವೆ.

ಇನ್ನು ರಾತ್ರಿಯ ವಿಷಯ. ಇದನ್ನು ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. ನಮ್ಮ ಕಂಬಳ ಬೆಳಿಗ್ಗೆ ಶುರುವಾಗಿ ಮರುದಿನ ಬೆಳಕು ಹರಿದರೂ ಮುಗಿಯದು. ಗೆಲುವಿನ ಓಟವೆಲ್ಲ ದೀಪದ ಬೆಳಕಿನಲ್ಲಿ. ನಮ್ಮ ಕರೆಂಟಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದು, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ತೆಗೆಯುವಾಗ ಕಾಣುತ್ತದೆ: ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪು, ಅದರ ಮುಂದಿನದು ಹಳದಿ. ಈ ಮಿಣುಕನ್ನು ಅಳೆದು, ಬೆಳಕು ಹೆಚ್ಚಿದ್ದಾಗಲೇ ಶಟರ್ ಬಿಡುವ ಸೌಲಭ್ಯ 7ಡಿ ಮಾರ್ಕ್ 2ರಲ್ಲೂ ಡಿ500ರಲ್ಲೂ ಇದೆ. ಕೊಳ್ಳುವ ಮೊದಲು ಮೆನುವಿನಲ್ಲಿ ಇದನ್ನು ಹುಡುಕಿ. ಫ್ಲ್ಯಾಶ್ ಹಾಕಿದರಾಯ್ತಲ್ಲ ಅಂತೀರಾ? ಓಡಿ ಬರುವ ಕೋಣದ ಕಣ್ಣಿಗೆ, ಹಗ್ಗ ಹಿಡಿದವನ ಕಣ್ಣಿಗೆ ಬೆಳಕು ಹೊಡೆಯುವ ಫೋಟೊ ನಮಗೆ ಬೇಡ.

ಫುಲ್‌ಫ್ರೇಮಿಗೆ ರಾತ್ರಿಯಲ್ಲಿ ಒಂದು ಸ್ಟಾಪ್ ಲಾಭ ಇದೆ, ಒಪ್ಪುತ್ತೇವೆ. ಆದರೆ 5.6ರ ಕಿಟ್ ಲೆನ್ಸ್ ಬಿಟ್ಟು 2.8ರ ಲೆನ್ಸ್ ಹಾಕಿದರೆ ಎರಡು ಸ್ಟಾಪ್ ಲಾಭ. ಜೊತೆಗೆ ನಿಕಾನಿನ ಚಿಕ್ಕ ಸೆನ್ಸರಿನಲ್ಲಿ 200 ಎಂಎಂ ಲೆನ್ಸ್ 300ರಷ್ಟು ಹತ್ತಿರ ತೋರಿಸುತ್ತದೆ. ಮಂಜೊಟ್ಟಿಯಲ್ಲಿ ನಿಂತು ಗಂತಿನ ಕಡೆ ನೋಡಿದವರಿಗೆ ಅದರ ಬೆಲೆ ಗೊತ್ತು. ಬಾಡಿಯಲ್ಲಿ ಉಳಿಸಿದ ದುಡ್ಡು ಲೆನ್ಸಿಗೆ ಹಾಕಿ. ಹಳೆಯ ಡಿ500 ಹೊಸ 33ರ ಫುಲ್‌ಫ್ರೇಮಿನ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ.

ಮದುವೆ ಫೋಟೊದಲ್ಲೇ ಹೊಟ್ಟೆ ಹೊರೆಯುವವರ ಮಾತು ಬೇರೆ. ಅವರಿಗೆ ಫುಲ್‌ಫ್ರೇಮ್ ದುಡಿದು ಕೊಡುತ್ತದೆ, ತೆಗೆದುಕೊಳ್ಳಲಿ. ಅದನ್ನು ಕಂಬಳಕ್ಕಾಗಿ ಎಂದು ಮನೆಯಲ್ಲಿ ಹೇಳಿ ಅಮ್ಮನ ಚಿನ್ನ ಅಡ ಇಡಿಸುವುದು ಬೇಡ.

ಹಳೆಯದನ್ನು ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಈ ಎರಡು ಬಾಡಿಗಳ ಶಟರನ್ನು 2 ಲಕ್ಷ ಸಲದ ಬಾಳಿಕೆಗೆ ಪರೀಕ್ಷಿಸಿದ್ದಾರೆ. ಒಂದೂವರೆ ದಾಟಿದ್ದರೆ ಬೆಲೆ ಇಳಿಸಿ, ಇಲ್ಲವೇ ಬಿಡಿ. ನಮ್ಮ ಘಟ್ಟದ ಬುಡದ ಮಳೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಬೇಗ, ಟಾರ್ಚ್ ಹಾಕಿ ನೋಡಿ.

ಕೊನೆಗೆ, ಅಂಗಡಿಯೊಳಗೆ ನಿಂತ ಬೊಂಬೆಯ ಫೋಟೊ ತೆಗೆದು ನಂಬಬೇಡಿ. ಕ್ಯಾಮೆರಾ ಹಿಡಿದು ರಸ್ತೆ ಬದಿಗೆ ಬನ್ನಿ. ಎದುರಿನಿಂದ ನಮ್ಮ ಕಾರ್ಕಳದ ಪ್ರೈವೇಟ್ ಬಸ್ಸು ಬರಲಿ, ಅದಕ್ಕಿಂತ ಒಳ್ಳೆಯ ಕೋಣ ಪೇಟೆಯಲ್ಲಿ ಸಿಗದು. ಬಟನ್ ಒತ್ತಿ ಹಿಡಿದು 30 ಚಿತ್ರ ತೆಗೆಯಿರಿ. ಬೋರ್ಡಿನ ಅಕ್ಷರ ಎಷ್ಟು ಚಿತ್ರದಲ್ಲಿ ಓದಲು ಬರುತ್ತದೆ ಎಣಿಸಿ. ಹೊರಗೆ ಒಯ್ಯಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.